ರೇಣುಕಾಸಾಗರಕ್ಕ ಯಾವ ಬೋಟ್ ಚಲೋ?

ಸವದತ್ತಿ ಹತ್ರ ನವಿಲುತೀರ್ಥ ಡ್ಯಾಂ, ಅದರ ಹಿಂದ ರೇಣುಕಾಸಾಗರ. ಪೂರ್ತಿ ತುಂಬಿದ್ರ 37.73 ಟಿಎಂಸಿ ಮಲಪ್ರಭಾ ನೀರು. ಇಲ್ಲಿಗೆ ಸೆಕೆಂಡ್ ಹ್ಯಾಂಡ್ ಬೋಟ್ ತರೂದಾದ್ರ ಸ್ಪೋರ್ಟ್ ಬೋಟೋ, ಕ್ಯಾಬಿನ್ ಕ್ರೂಸರೋ?

ಕ್ರೂಸರ್‌ನ್ಯಾಗ ಹಾಸಿಗಿ, ಅಡಗಿಕಟ್ಟಿ, ಶೌಚಾಲಯ ಇರ್ತಾವು. ರಾತ್ರಿ ನೀರಿನ ಮ್ಯಾಲೆ ಉಳಿಯೋರಿಗೆ, ಕಾರವಾರ, ಮಂಗಳೂರು ಕಡೆ ಅದು ಸರಿ. ನಮ್ಮಲ್ಲಿ? ಮಳಿ ಕೈಕೊಟ್ಟ ವರ್ಷ ಬ್ಯಾಸಿಗ್ಯಾಗ ನೀರು ಹಿಂದ ಸರಿದು ದಂಡಿ ತುಂಬ ಎರಿ ಕೆಸರು. ಭಾರದ ಕ್ರೂಸರ್ ಅಲ್ಲೇ ಹೂತು ಕುಂತ್ರ ಕ್ರೇನ್ ಕರೀಬೇಕು. ಫೋಟೋ ಚಲೋ ಬರ್ತಾವು, ಅಷ್ಟ! ಹಗುರ ಸ್ಪೋರ್ಟ್ ಬೋಟ್ ಆದ್ರ ಟ್ರೇಲರ್ ಮ್ಯಾಲೆ ಹೇರಿ ಬೈಲಹೊಂಗಲದ ಮನಿ ಅಂಗಳಕ್ಕ ತಂದು ನಿಲ್ಲಸಬಹುದು.

ಪೇಂಟಿನ ಹೊಳಪಿಗೆ ಮರುಳಾಗಬ್ಯಾಡ್ರಿ. ಔಟ್‌ಬೋರ್ಡ್ ಎಂಜಿನ್ ಕುಂದ್ರಿಸೋ ಹಿಂಬದಿ, ಅಂದ್ರ ಟ್ರಾನ್ಸಮ್, ಅದನ್ನ ಬೆರಳಿನ ಗೆಣ್ಣಿಲೆ ಬಡೀರಿ. ಟಣ್ ಅಂದ್ರ ಗಟ್ಟಿ. ಡಬ್ ಅಂದ್ರ ಒಳಗಿನ ಕಟ್ಟಿಗಿ ನೆಂದು ಕೊಳತಿರಬಹುದು, ಆ ಬೋಟ್ ಬಿಡ್ರಿ. ಎಂಜಿನ್ ನೀರಾಗಿಟ್ಟು ಚಾಲೂ ಮಾಡಸ್ರಿ. ಹಿಂದಿನ ಸಣ್ಣ ತೂತಿನಿಂದ ನೀರಿನ ಧಾರಿ ಬರಲಿಲ್ಲಂದ್ರ ಪಂಪ್ ಕೆಟ್ಟಿರತೈತಿ, ಇಲ್ಲಾ ದಾರಿ ಕಟ್ಟಿರತೈತಿ.

ಇನ್ನ ಕಾಗದ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಎಂಜಿನ್ ಬೋಟಿಗೆ ಸರ್ವೇ ಪ್ರಮಾಣಪತ್ರ, ನೋಂದಣಿ ಬೇಕು. ಜಲಾಶಯಕ್ಕ ಇಳಿಸೋ ಮೊದಲ ನೀರಾವರಿ ನಿಗಮದ ಕಚೇರ್ಯಾಗ ಪರವಾನಗಿ ಕೇಳ್ರಿ. ಮಾರೋರ ಹೆಸರಿನ ನೋಂದಣಿ ಕಾಗದ ಕಣ್ಣಿಲೆ ನೋಡೋಮಟ ಮುಂಗಡ ಒಂದ್ ರೂಪಾಯಿನೂ ಕೊಡಬ್ಯಾಡ್ರಿ.