ಕಿವಿಯ ಬುಡದ ಗಂಟು, ಆರು ವಾರದ ದಾರಿ

ಕಿವಿಯ ಮುಂದೆಯೋ ದವಡೆಯ ಕೆಳಗೋ ಒಂದು ಗಂಟು ಎದ್ದರೆ ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ಮಂಗನಬಾವು. ಲೇಪ ಹಚ್ಚುತ್ತಾರೆ. ಕಪ್ಪತಗುಡ್ಡದ ಗಿಡಮೂಲಿಕೆ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ. ನೋವಿಲ್ಲ, ಜ್ವರವಿಲ್ಲ, ಉಣ್ಣಲು ತೊಂದರೆಯಿಲ್ಲ ಎಂದ ಮೇಲೆ ದವಾಖಾನೆಯ ಮಾತು ಹಬ್ಬದಿಂದ ಹಬ್ಬಕ್ಕೆ ಮುಂದೆ ಹೋಗುತ್ತದೆ. ಮಂಗನಬಾವು ನೋವು, ಜ್ವರಗಳ ಜೊತೆಗೇ ಬರುತ್ತದೆ. ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ನೋಯದೆ, ಇಳಿಯದೆ ತಿಂಗಳುಗಟ್ಟಲೆ ಕೂತ ಗಂಟು ಬೇರೆಯದೇ. ಅದು ಲಾಲಾಗ್ರಂಥಿಯ, ಅಂದರೆ ಜೊಲ್ಲು ತಯಾರಿಸುವ ಗ್ರಂಥಿಯ ಗಡ್ಡೆ ಇರಬಹುದು.

ಇನ್ನೊಂದು ತಪ್ಪು ಸಮಾಧಾನವೂ ನಮ್ಮಲ್ಲಿದೆ. ‘ಆಕೀ ಎಂದೂ ತಂಬಾಕು ಮುಟ್ಟಿದಾಕಿ ಅಲ್ಲ, ಕ್ಯಾನ್ಸರ್ ಹ್ಯಾಂಗ ಬರತೈತಿ?’ ಎನ್ನುತ್ತಾರೆ. ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್‌ಗೆ ಗುಟ್ಕಾ, ತಂಬಾಕು, ಬೀಡಿಗಳೇ ದೊಡ್ಡ ಕಾರಣ, ನಿಜ. ಲಾಲಾಗ್ರಂಥಿಯ ಕ್ಯಾನ್ಸರ್‌ಗೆ ಅಂಥ ನೇರ ನಂಟು ಕಂಡುಬಂದಿಲ್ಲ. ಬಹಳಷ್ಟು ರೋಗಿಗಳಲ್ಲಿ ಇಂಥದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲು ಏನೂ ಸಿಗುವುದಿಲ್ಲ. ಹಾಗಾಗಿ ಯಾವ ಚಟವೂ ಇಲ್ಲದವರು ಕೂಡ ಈ ಗಂಟನ್ನು ಕಡೆಗಣಿಸುವಂತಿಲ್ಲ.

ದಿನಕ್ಕೆ ಒಂದು ಲೀಟರಿನಷ್ಟು ಜೊಲ್ಲು ನಮ್ಮ ಬಾಯಲ್ಲಿ ಊರುತ್ತದೆ. ಅದರ ಬಹುಪಾಲು ಮೂರು ಜೋಡಿ ಗ್ರಂಥಿಗಳದು: ಕಿವಿಯ ಮುಂದಿನ ಪರೋಟಿಡ್, ದವಡೆಯ ಕೆಳಗಿನದು ಮತ್ತು ನಾಲಿಗೆಯ ಅಡಿಯದು. ಇವಲ್ಲದೆ ತುಟಿ, ಕೆನ್ನೆ, ಅಂಗುಳದ ಒಳಪದರದಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ಪರೋಟಿಡ್‌ನಲ್ಲಿ ಏಳುವ ಐದು ಗಡ್ಡೆಗಳಲ್ಲಿ ನಾಲ್ಕು ಕ್ಯಾನ್ಸರ್ ಅಲ್ಲ. ದವಡೆಯ ಕೆಳಗಿನ ಗ್ರಂಥಿಯದಾದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಅಂಗುಳದ ಸಣ್ಣ ಗ್ರಂಥಿಗಳಲ್ಲಿ ಎದ್ದರೆ ಅಪಾಯ ಇನ್ನೂ ಹೆಚ್ಚು. ಗ್ರಂಥಿ ಚಿಕ್ಕದಾದಷ್ಟೂ ಗಡ್ಡೆಯ ಮೇಲೆ ಅನುಮಾನ ದೊಡ್ಡದಿರಬೇಕು.

ಈ ಕ್ಯಾನ್ಸರ್ ಅಪರೂಪದ್ದು. 2020ರಲ್ಲಿ ಇಡೀ ಜಗತ್ತಿನಲ್ಲಿ ಪತ್ತೆಯಾದದ್ದು ಸುಮಾರು 53 ಸಾವಿರ, ಅಂದರೆ ಲಕ್ಷ ಜನರಿಗೆ ಒಬ್ಬರಿಗಿಂತಲೂ ಕಡಿಮೆ. 2011ರ ಜನಗಣತಿಯಂತೆ ಗದಗ ಜಿಲ್ಲೆಯ ಜನಸಂಖ್ಯೆ 10 ಲಕ್ಷ 64 ಸಾವಿರ. ಆ ಲೆಕ್ಕ ಹಿಡಿದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ರೋಣ, ನರಗುಂದ ಎಲ್ಲ ಸೇರಿಸಿದರೂ ವರ್ಷಕ್ಕೆ ಹತ್ತು ಜನರಾಗುವುದಿಲ್ಲ. ಸಣ್ಣ ಊರಿನ ವೈದ್ಯರೊಬ್ಬರು ತಮ್ಮ ವೃತ್ತಿಯುದ್ದಕ್ಕೂ ಕೆಲವೇ ರೋಗಿಗಳನ್ನು ನೋಡಿರುತ್ತಾರೆ. ಇಷ್ಟು ವಿರಳವಾಗಿದ್ದೂ ಇದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದರ ನಡತೆಯೂ ಬೇರೆ. ಆದ್ದರಿಂದಲೇ ಸೂಜಿ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲದೆ ‘ಸಣ್ಣ ಗಂಟು, ತೆಗೆದುಬಿಡೋಣ’ ಎಂದು ಕತ್ತರಿ ಹಾಕಿಸಿಕೊಳ್ಳುವುದು ದೊಡ್ಡ ತಪ್ಪು. ಮೊದಲ ಶಸ್ತ್ರಚಿಕಿತ್ಸೆ ಅರೆಬರೆಯಾದರೆ ಎರಡನೆಯದು ಬಹಳ ಕಷ್ಟ.

ಕಷ್ಟ ಯಾಕೆಂದರೆ ಮುಖದ ನರ ಪರೋಟಿಡ್ ಗ್ರಂಥಿಯ ನಡುವೆಯೇ ಹಾದು ಐದು ಕವಲಾಗುತ್ತದೆ. ಕಣ್ಣು ಮುಚ್ಚುವುದು, ನಗುವುದು, ತುಟಿ ಬಿಗಿದು ನೀರು ಕುಡಿಯುವುದು ಎಲ್ಲವೂ ಆ ನರದ ಕೆಲಸ. ಅದನ್ನು ಎಳೆಎಳೆಯಾಗಿ ಬಿಡಿಸಿ ಉಳಿಸಿಕೊಂಡು ಗಡ್ಡೆ ತೆಗೆಯಲು ಪಳಗಿದ ಕೈ ಬೇಕು. ಗಂಟಿರುವ ಕಡೆಯ ಮುಖ ತಾನಾಗಿಯೇ ವಾಲಿದ್ದರೆ ಕ್ಯಾನ್ಸರ್ ನರವನ್ನೇ ಹಿಡಿದಿದೆ ಎಂಬ ಬಲವಾದ ಸೂಚನೆ ಅದು. ಅಡಿನಾಯ್ಡ್ ಸಿಸ್ಟಿಕ್ ಎಂಬ ಬಗೆಗೆ ಈ ಚಾಳಿ ಹೆಚ್ಚು. ಎರೆಹೊಲದಲ್ಲಿ ಕರಕಿ ಕಿತ್ತವರಿಗೆ ಇದು ಬೇಗ ತಿಳಿಯುತ್ತದೆ: ಮೇಲಿನದೆಲ್ಲ ತೆಗೆದರೂ ಬೇರು ನೆಲದೊಳಗೆ ಸದ್ದಿಲ್ಲದೆ ದೂರ ಹೋಗಿರುತ್ತದೆ. ಈ ಕ್ಯಾನ್ಸರ್ ಕೂಡ ನರದ ಗುಂಟ ತಲೆಬುರುಡೆಯ ಬುಡದವರೆಗೆ ಸಾಗಬಲ್ಲದು.

ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ಚಾಕು ಮುಟ್ಟಲಾಗದ ಜೀವಕೋಶಗಳಿಗೆ ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆ. ನಮ್ಮ ಕಡೆ ಜನ ‘ಕರೆಂಟ್ ಕೊಡ್ತಾರ’ ಎನ್ನುವುದು ಇದಕ್ಕೇ. ಗಡ್ಡೆ ದೊಡ್ಡದಿದ್ದರೆ, ನರಕ್ಕೋ ಮೂಳೆಗೋ ತಾಗಿದ್ದರೆ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡಿದ್ದರೆ ಇದನ್ನು ಕೊಡಲೇಬೇಕಾಗುತ್ತದೆ. ನೆದರ್ಲೆಂಡ್ಸ್‌ನ ಆಸ್ಪತ್ರೆಗಳು ಸುಮಾರು 500 ರೋಗಿಗಳ ದಾಖಲೆ ಕೂಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಹೊಡೆಯುವಂತೆ ತೋರಿಸಿತು. ಮುಂದುವರಿದ ಗಡ್ಡೆಗಳಲ್ಲಿ ಬರೀ ಶಸ್ತ್ರಚಿಕಿತ್ಸೆಯಾದವರ ಪೈಕಿ 10 ವರ್ಷ ಅದೇ ಜಾಗದಲ್ಲಿ ರೋಗ ಮರುಕಳಿಸದೆ ಇದ್ದವರು ಶೇ 18. ನಂತರ ವಿಕಿರಣವನ್ನೂ ಪಡೆದವರಲ್ಲಿ ಶೇ 84. ಇಷ್ಟು ಅಂತರ ಕ್ಯಾನ್ಸರ್ ಚಿಕಿತ್ಸೆಯಲ್ಲಿ ದಿನಾ ಸಿಗುವಂಥದ್ದಲ್ಲ.

ಲೀನಿಯರ್ ಆಕ್ಸಲರೇಟರ್ ಎಂಬ ಯಂತ್ರ ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಟಂಗ್‌ಸ್ಟನ್ ತುಂಡಿಗೆ ಅಪ್ಪಳಿಸುತ್ತದೆ. ಆಗ ಹೊಮ್ಮುವ ಪ್ರಬಲ ಎಕ್ಸ್-ಕಿರಣಗಳು ಜೀವಕೋಶದ ಡಿಎನ್ಎ ಎಳೆಗಳನ್ನು ಕಡಿಯುತ್ತವೆ. ಆರೋಗ್ಯವಂತ ಕೋಶ ಆ ಗಾಯವನ್ನು ಕೆಲವು ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಆ ಶಕ್ತಿ ಕಡಿಮೆ. ಈ ವ್ಯತ್ಯಾಸವನ್ನು ಬಳಸಿಕೊಳ್ಳಲೆಂದೇ ಒಟ್ಟು 60ರಿಂದ 66 ಗ್ರೇ (ವಿಕಿರಣ ಅಳೆಯುವ ಮಾನ) ಪ್ರಮಾಣವನ್ನು ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರು ವಾರ ಅಥವಾ ತುಸು ಹೆಚ್ಚು ಕಾಲ ಹಂಚಿ ಕೊಡುತ್ತಾರೆ. ಶಸ್ತ್ರಚಿಕಿತ್ಸೆಯಾದ ಆರೆಂಟು ವಾರದೊಳಗೆ ಇದು ಶುರುವಾಗಬೇಕು.

ಮೊದಲ ಕೆಲಸ ಮುಖವಾಡ. ಸಣ್ಣ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಅದು ಮೆತ್ತಗಾಗುತ್ತದೆ. ನೀರು ಒರೆಸಿ, ಇಬ್ಬರು ಎರಡು ಕಡೆ ಹಿಡಿದು, ಮಲಗಿದ ರೋಗಿಯ ಮುಖದ ಮೇಲೆ ಎಳೆದು ಹಲಗೆಗೆ ಸಿಕ್ಕಿಸುತ್ತಾರೆ. ಬೆಚ್ಚಗೆ ಕೂತು ಹಣೆ, ಮೂಗು, ಗದ್ದದ ಅಚ್ಚು ತೆಗೆದುಕೊಂಡು ಕೆಲವು ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ, ಉಸಿರಾಟಕ್ಕೆ ಅಡ್ಡಿಯಿಲ್ಲ. ಕಿರಣ ಎಲ್ಲಿ ಬೀಳಬೇಕೆಂಬ ಗುರುತುಗಳನ್ನು ಅದರ ಮೇಲೆಯೇ ಹಾಕುತ್ತಾರೆ. ಅದನ್ನು ತೊಟ್ಟೇ ಸಿಟಿ ಸ್ಕ್ಯಾನ್, ಅದನ್ನು ತೊಟ್ಟೇ ಪ್ರತಿದಿನದ ಚಿಕಿತ್ಸೆ. ತಲೆ ಒಂದೆರಡು ಮಿಲಿಮೀಟರ್ ಕೂಡ ಅಲುಗಬಾರದು, ಪಕ್ಕದಲ್ಲೇ ಕಣ್ಣು, ಒಳಗಿವಿ, ಮಿದುಳಿನ ಕಾಂಡ ಇವೆ. ಕಿರಣ ಬೀಳುವಾಗ ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಕೈ ಎತ್ತಿದರೆ ಯಂತ್ರ ನಿಲ್ಲಿಸುತ್ತಾರೆ. ಈ ಚಿಕಿತ್ಸೆ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು.

ಪರೋಟಿಡ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಕಿರಣ ಕೊಡುವುದರಿಂದ ಇನ್ನೊಂದು ಪಕ್ಕದ ಗ್ರಂಥಿ ಉಳಿದು ಬಾಯಿ ಪೂರ್ತಿ ಒಣಗುವುದು ತಪ್ಪುತ್ತದೆ. ಆದರೂ ಮೂರನೇ ವಾರದ ಹೊತ್ತಿಗೆ ಬಾಯಿ ಹುಣ್ಣಾಗುತ್ತದೆ, ರುಚಿ ಕೆಡುತ್ತದೆ, ಚರ್ಮ ಕಪ್ಪಾಗುತ್ತದೆ. ಖಡಕ್ ರೊಟ್ಟಿ, ಕೆಂಪು ಚಟ್ನಿ ಈ ಕಾಲಕ್ಕಲ್ಲ. ನುಚ್ಚು-ಮಜ್ಜಿಗೆ, ಹಾಲಲ್ಲಿ ನೆನೆಸಿದ ಮೆತ್ತನೆಯ ರೊಟ್ಟಿ, ಹೆಸರುಬೇಳೆಯ ಕಿಚಡಿ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಒಗ್ಗುತ್ತವೆ. ತೂಕ ಇಳಿದರೆ ಮುಖವಾಡ ಸಡಿಲವಾಗುತ್ತದೆ, ಗುರಿ ತಪ್ಪುತ್ತದೆ, ಹೊಸದು ಮಾಡಬೇಕಾಗುತ್ತದೆ. ಆದ್ದರಿಂದ ಊಟವೂ ಚಿಕಿತ್ಸೆಯ ಭಾಗವೇ. ಹುಳುಕು ಹಲ್ಲುಗಳನ್ನು ಕಿರಣ ಶುರುವಾಗುವ ಮೊದಲೇ ತೆಗೆಸಿಕೊಳ್ಳಬೇಕು. ಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಕೊಳೆಯಬಹುದು. ದಂತವೈದ್ಯರ ಬಳಿ ಹೋಗುವುದನ್ನು ಬಹಳ ಜನ ಮರೆಯುತ್ತಾರೆ.

ನಮ್ಮ ಜಿಲ್ಲೆಯವರಿಗೆ ಇದೆಲ್ಲಕ್ಕಿಂತ ದೊಡ್ಡ ತೊಡಕು ದಾರಿ ಎಂದು ನನಗನ್ನಿಸುತ್ತದೆ. ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ, ಜನ ಕರೆಯುವಂತೆ ಜಿಮ್ಸ್‌ನಲ್ಲಿ, ಕಿವಿ-ಮೂಗು-ಗಂಟಲು ವಿಭಾಗದವರು ಗಂಟನ್ನು ನೋಡಿ ದಾರಿ ತೋರಿಸಬಲ್ಲರು. ವಿಕಿರಣಕ್ಕೆ ಈ ಕಡೆಯವರು ಹೋಗುವುದು ಹೆಚ್ಚಾಗಿ ಹುಬ್ಬಳ್ಳಿಗೆ. ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ಕೆಲವರು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಮುಂಡರಗಿಯ ಆಚೆಯ ಹಳ್ಳಿಯವರಿಗೆ ಮೊದಲು ಗದಗ ಮುಟ್ಟುವುದೇ ಒಂದು ಪ್ರಯಾಣ. ಹತ್ತು ನಿಮಿಷದ ಚಿಕಿತ್ಸೆಗೆ ಇಡೀ ದಿನ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಹೆಸರು ಬಿಡಿಸುವ ಕಾಲ ಬಂದರೆ, ಹಿಂಗಾರಿ ಬಿತ್ತಿಗೆ ಬಂದರೆ, ಮನೆಯಲ್ಲಿ ಮದುವೆ ಬಂದರೆ ‘ನಾಲ್ಕು ದಿನ ಬಿಟ್ಟು ಹೋದರಾತು’ ಎನ್ನುವುದು ಅಲ್ಲಿಯೇ.

ಆ ನಾಲ್ಕು ದಿನದ ಬೆಲೆ ಬಹಳ. ಉಳಿದ ಕ್ಯಾನ್ಸರ್ ಕೋಶಗಳು ಬಿಡುವಿನಲ್ಲಿ ಮತ್ತೆ ಬೆಳೆಯುತ್ತವೆ. ತಲೆ-ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆಲ್ಲ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ತಗ್ಗುತ್ತದೆ ಎಂದು ಅಧ್ಯಯನಗಳು ಹೇಳಿವೆ. ಬೇರೆ ಬಗೆಯ ಕಿರಣಗಳೂ ಇವೆ, ನಿಜ. ಜಪಾನಿನಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಾರ್ಬನ್ ಅಯಾನು ಕಿರಣಗಳನ್ನು ಈ ಕ್ಯಾನ್ಸರ್‌ಗೆ ಬಳಸುತ್ತಿದ್ದಾರೆ. ಚೆನ್ನೈನಲ್ಲಿ 2019ರಿಂದ ಪ್ರೋಟಾನ್ ಚಿಕಿತ್ಸೆ ಇದೆ. ಅವು ಕೆಲವರಿಗೆ ಬೇಕಾಗಬಹುದು. ಆದರೆ ಬಹುಪಾಲು ರೋಗಿಗಳಿಗೆ ಹುಬ್ಬಳ್ಳಿಯಲ್ಲೇ ಸಿಗುವ ಮಾಮೂಲು ಕಿರಣವನ್ನು ಒಂದು ದಿನವೂ ತಪ್ಪಿಸದೆ ಮುಗಿಸುವುದೇ ಹೆಚ್ಚು ಮುಖ್ಯ.

ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಅದರಲ್ಲಿ ರೇಡಿಯೋಥೆರಪಿಯೂ ಸೇರಿದೆ. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೈಲಿನಲ್ಲಿ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಉಂಟು. ಕಿರಣ ಶುರುವಾಗುವ ಮೊದಲೇ, ಮುಖವಾಡ ಮಾಡಿಸುವ ದಿನವೇ, ಆರು ವಾರ ಹುಬ್ಬಳ್ಳಿಯಲ್ಲಿ ಎಲ್ಲಿ ಉಳಿಯುವುದು, ಯಾರು ಜೊತೆಗಿರುವುದು, ಹೊಲ-ಮನೆ ಯಾರು ನೋಡಿಕೊಳ್ಳುವುದು ಎಂಬುದನ್ನು ಮನೆಯವರೆಲ್ಲ ಕೂತು ಗೊತ್ತುಮಾಡಿಕೊಳ್ಳಿ. ಉಳಿಯಲು ಜಾಗವಿಲ್ಲದಿದ್ದರೆ ಆಸ್ಪತ್ರೆಯವರನ್ನೇ ಸಂಕೋಚವಿಲ್ಲದೆ ಕೇಳಿ.