ಸೌರ ಜಲತಾಪಕಗಳ ದುರಸ್ತಿ ವೆಚ್ಚ: ಮನೆ ಮಾಲೀಕರು ತಿಳಿದಿರಬೇಕಾದ ಅಂಶಗಳು

ನಗರ ಪ್ರದೇಶಗಳಲ್ಲಿ ನಿಗದಿತ ವಿಸ್ತೀರ್ಣವುಳ್ಳ ವಾಸದ ಕಟ್ಟಡಗಳಿಗೆ ಸೌರ ಜಲತಾಪಕಗಳನ್ನು ಅಳವಡಿಸುವುದನ್ನು ಕರ್ನಾಟಕ ಸರ್ಕಾರವು 2007ರ ನವೆಂಬರ್ ತಿಂಗಳಿನಲ್ಲಿ ಹೊರಡಿಸಿದ ಆದೇಶದ ಮೂಲಕ ಕಡ್ಡಾಯಗೊಳಿಸಿತು. ಸೋಲಾರ್ ವಾಟರ್ ಹೀಟರ್ ಎಂದೇ ಜನಬಳಕೆಯಲ್ಲಿರುವ ಈ ಸಾಧನಗಳಲ್ಲಿ ಆರಂಭದ ವರ್ಷಗಳಲ್ಲಿ ಅಳವಡಿಸಿದವು ಈಗ ಹದಿನೈದು ವರ್ಷಗಳನ್ನು ದಾಟಿವೆ. ನೀರು ಬಿಸಿಯಾಗುತ್ತಿಲ್ಲವೆಂಬ ಕಾರಣಕ್ಕೆ ಕೆಲವರು ಇಡೀ ಘಟಕವನ್ನೇ ಬದಲಾಯಿಸುತ್ತಾರೆ. ಇನ್ನು ಕೆಲವರು ಅದನ್ನು ಹಾಗೆಯೇ ಬಿಟ್ಟು ವಿದ್ಯುತ್ ಗೀಸರ್ ಬಳಸತೊಡಗುತ್ತಾರೆ. ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡಲ್ಲಿ ಈ ಎರಡೂ ಬಗೆಯ ಅನಗತ್ಯ ವೆಚ್ಚವನ್ನು ತಪ್ಪಿಸಬಹುದಾಗಿದೆ.

ದುರಸ್ತಿ ಮಾಡಿಸದಿದ್ದರೆ ಆಗುವ ನಷ್ಟ

100 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಸುಮಾರು 4.65 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ತಿಂಗಳಿಗೆ 25 ದಿನಗಳಂತೆ ಲೆಕ್ಕ ಹಾಕಿದರೆ ಇದು ಸುಮಾರು 116 ಯೂನಿಟ್‌ಗಳಾಗುತ್ತದೆ. ತಮ್ಮ ವಿದ್ಯುತ್ ಬಿಲ್ಲಿನಲ್ಲಿರುವ ದರದಿಂದ ಈ ಸಂಖ್ಯೆಯನ್ನು ಗುಣಿಸಿದಲ್ಲಿ ಕೆಟ್ಟ ಘಟಕದಿಂದ ಪ್ರತಿ ತಿಂಗಳು ಆಗುತ್ತಿರುವ ನಷ್ಟವು ಗ್ರಾಹಕರಿಗೆ ತಿಳಿಯುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳ ಬಳಕೆಯು 200 ಯೂನಿಟ್ ಮೀರಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಅವರೇ ಪಾವತಿಸಬೇಕಾಗುತ್ತದೆ.

ಘಟಕದ ವಿಧಗಳು

ಸೌರ ಜಲತಾಪಕಗಳಲ್ಲಿ ಮುಖ್ಯವಾಗಿ ಎರಡು ವಿಧಗಳಿವೆ. ಮೊದಲನೆಯದರಲ್ಲಿ ಗಾಜಿನ ಹೊದಿಕೆಯುಳ್ಳ ಚಪ್ಪಟೆ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆಗಳಿರುತ್ತವೆ. ಎರಡನೆಯದರಲ್ಲಿ ನಡುವೆ ನಿರ್ವಾತವಿರುವ ಎರಡು ಪದರಗಳ ಗಾಜಿನ ಕೊಳವೆಗಳನ್ನು ಸಾಲಾಗಿ ಜೋಡಿಸಲಾಗಿರುತ್ತದೆ. ಮನೆಗಳಲ್ಲಿರುವ ಬಹುತೇಕ ಘಟಕಗಳಲ್ಲಿ ಕಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಪಂಪ್ ಆಗಲಿ ಇತರ ಚಲಿಸುವ ಭಾಗಗಳಾಗಲಿ ಇರುವುದಿಲ್ಲ. ಆದ್ದರಿಂದ ದೋಷವು ಕಂಡುಬರುವ ಸ್ಥಳಗಳೂ ಕೆಲವೇ ಆಗಿರುತ್ತವೆ.

ದೋಷದ ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

1. ಬಿಸಿಲಿದ್ದರೂ ನೀರು ಬೆಚ್ಚಗಾಗದಿರುವುದು: ಗಾಜಿನ ಮೇಲೆ ಧೂಳು ಕೂತಿದೆಯೇ, ಅಕ್ಕಪಕ್ಕದ ಹೊಸ ಕಟ್ಟಡದ ಅಥವಾ ಮರದ ನೆರಳು ಬೀಳುತ್ತಿದೆಯೇ, ಕವಾಟವು ಮುಚ್ಚಿಹೋಗಿದೆಯೇ, ತೊಟ್ಟಿಗೆ ನೀರು ಸರಿಯಾಗಿ ಬರುತ್ತಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಇವುಗಳಲ್ಲಿ ಕೆಲವನ್ನು ಯಾವುದೇ ವೆಚ್ಚವಿಲ್ಲದೆ ಸರಿಪಡಿಸಬಹುದು.

2. ವರ್ಷದಿಂದ ವರ್ಷಕ್ಕೆ ಬಿಸಿ ಕಡಿಮೆಯಾಗುತ್ತಿರುವುದು: ಗಡಸು ನೀರಿನಿಂದ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟಿರುವ ಸಾಧ್ಯತೆ ಹೆಚ್ಚು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದಲ್ಲಿ 600 ಮಿಲಿಗ್ರಾಂವರೆಗೆ ಅನುಮತಿ ಇದೆ. ಕೊಳವೆಬಾವಿ ನೀರನ್ನು ಬಳಸುವವರು ಅದನ್ನು ಪರೀಕ್ಷೆ ಮಾಡಿಸುವುದು ಸೂಕ್ತ. ಆಮ್ಲ ಬಳಸಿ ಪದರವನ್ನು ತೆಗೆಯುವ ಕೆಲಸವನ್ನು ನುರಿತ ತಂತ್ರಜ್ಞರಿಂದಲೇ ಮಾಡಿಸತಕ್ಕದ್ದು. ನೀರಿನ ಗುಣಮಟ್ಟವನ್ನು ಸರಿಪಡಿಸದೆ ಘಟಕವನ್ನು ಮಾತ್ರ ಬದಲಾಯಿಸಿದರೆ ಅದೇ ತೊಂದರೆ ಮರುಕಳಿಸುತ್ತದೆ.

3. ಸಂಜೆ ಬಿಸಿಯಿದ್ದ ನೀರು ಬೆಳಿಗ್ಗೆ ತಣ್ಣಗಾಗುವುದು: ತೊಟ್ಟಿಯ ಶಾಖನಿರೋಧಕ ಹೊದಿಕೆಯು ನೆನೆದು ಹಾಳಾಗಿರಬಹುದು. ಆದರೆ ಬಚ್ಚಲುಮನೆಯ ನಲ್ಲಿಯೂ ಇದಕ್ಕೆ ಕಾರಣವಾಗಬಲ್ಲದು. ಬಿಸಿನೀರು ಮತ್ತು ತಣ್ಣೀರು ಬೆರೆಯುವ ನಲ್ಲಿಯ ಎರಡೂ ತಿರುಪುಗಳನ್ನು ತೆರೆದಿಟ್ಟು, ತುದಿಯ ಜೆಟ್ ಅನ್ನು ಮಾತ್ರ ಮುಚ್ಚಿದಲ್ಲಿ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಇದಕ್ಕೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವೊಂದನ್ನು ಹಾಕಿಸಿದರೆ ಸಾಕು. ತೊಟ್ಟಿಯನ್ನು ಬದಲಾಯಿಸುವ ಅಗತ್ಯವಿಲ್ಲ.

4. ತೊಟ್ಟಿ ಪೂರ್ತಿ ಖಾಲಿಯಾಗುವುದು: ಗಾಜಿನ ಕೊಳವೆಗಳು ನೇರವಾಗಿ ತೊಟ್ಟಿಗೆ ಸೇರಿಕೊಂಡಿರುವ ಘಟಕಗಳಲ್ಲಿ ಒಂದು ಕೊಳವೆ ಒಡೆದರೂ ನೀರೆಲ್ಲ ಹರಿದುಹೋಗುತ್ತದೆ. ಒಡೆದ ಕೊಳವೆಯನ್ನು ಮತ್ತು ಅದರ ರಬ್ಬರ್ ವಾಷರನ್ನು ಮಾತ್ರ ಬದಲಾಯಿಸಬಹುದು.

5. ಗಾಜಿನ ಕೊಳವೆಯ ತುದಿ ಬಿಳುಪಾಗಿರುವುದು: ಸುಸ್ಥಿತಿಯಲ್ಲಿರುವ ಕೊಳವೆಯ ಮುಚ್ಚಿದ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪವಿರುತ್ತದೆ. ಅದು ಹಾಲಿನಂತೆ ಬಿಳುಪಾಗಿದ್ದರೆ ನಿರ್ವಾತವು ನಷ್ಟವಾಗಿದೆ ಎಂದರ್ಥ. ಯಾವ ಕೊಳವೆಗಳು ಕೆಟ್ಟಿವೆ ಎಂಬುದನ್ನು ಮನೆಯವರೇ ಎಣಿಸಿ ನೋಡಬಹುದು.

ದುರಸ್ತಿ ಬಿಲ್ಲಿನಲ್ಲಿ ಏನಿರಬೇಕು

ಕೆಲಸ ಆರಂಭಿಸುವ ಮೊದಲು ಲಿಖಿತ ಅಂದಾಜು ಪಟ್ಟಿಯನ್ನು ಪಡೆಯತಕ್ಕದ್ದು. ಸದರಿ ಪಟ್ಟಿಯಲ್ಲಿ ಭೇಟಿ ಶುಲ್ಕ, ಬಿಡಿಭಾಗಗಳ ಬೆಲೆ, ಕೂಲಿ ಮತ್ತು ತೆರಿಗೆಯನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು. ಭೇಟಿ ಶುಲ್ಕವನ್ನು ಕೂಲಿಯಲ್ಲಿ ಕಳೆಯಲಾಗುವುದೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ತೆಗೆದ ಹಳೆಯ ಭಾಗವನ್ನು ತೋರಿಸುವಂತೆ ಗ್ರಾಹಕರು ಕೇಳಬಹುದು. ಖಾತರಿ ಅವಧಿಯು ಮುಗಿದಿಲ್ಲವಾದರೆ ಮೊದಲು ಮಾರಾಟಗಾರರನ್ನೇ ಸಂಪರ್ಕಿಸಬೇಕು. ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ಗಾಜು ಒಡೆಯುವುದು ಮತ್ತು ಸುಣ್ಣದ ಪದರ ತೆಗೆಯುವುದು ಅದರಲ್ಲಿ ಸೇರಿವೆಯೇ ಎಂಬುದನ್ನು ಓದಿ ನೋಡಿ ಸಹಿ ಮಾಡಬೇಕು.

ದುರಸ್ತಿಯೇ, ಬದಲಾವಣೆಯೇ?

ಕೊಳವೆ, ವಾಷರ್, ಕವಾಟ, ಥರ್ಮೋಸ್ಟಾಟ್ ಹಾಗೂ ವಿದ್ಯುತ್ ಕಾಯಿಲ್‌ಗಳನ್ನು ಬಿಡಿಯಾಗಿ ಬದಲಾಯಿಸಬಹುದು. ಒಳತೊಟ್ಟಿಯೇ ತುಕ್ಕು ಹಿಡಿದು ಸೋರುತ್ತಿದ್ದಲ್ಲಿ ಮಾತ್ರ ಬದಲಾವಣೆಯ ಬಗ್ಗೆ ಯೋಚಿಸುವುದು ಸರಿ. ತೊಟ್ಟಿಯೊಳಗೆ ಮೆಗ್ನೀಸಿಯಂ ಸರಳು ಇರುವ ಘಟಕಗಳಲ್ಲಿ ತುಕ್ಕು ಮೊದಲು ಆ ಸರಳನ್ನು ತಿಂದು ತೊಟ್ಟಿಯನ್ನು ಉಳಿಸುತ್ತದೆ. ಸವೆದ ಸರಳನ್ನು ಸಕಾಲದಲ್ಲಿ ಬದಲಾಯಿಸುವುದರಿಂದ ತೊಟ್ಟಿಯ ಆಯಸ್ಸು ಹೆಚ್ಚುತ್ತದೆ. ಹೊಸ ಘಟಕವನ್ನು ಕೊಳ್ಳುವುದು ಅನಿವಾರ್ಯವಾದಲ್ಲಿ ತೆರಿಗೆಯ ದರವನ್ನು ಗಮನಿಸಬೇಕು. 2022ರ ಜುಲೈ 18ರಿಂದ ಶೇ. 12ರಷ್ಟಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಸಲಾಗಿದೆ.

ಸುರಕ್ಷತೆಗೆ ಸಂಬಂಧಿಸಿದ ಸೂಚನೆಗಳು

• ತೊಟ್ಟಿಯ ಮೇಲಿನ ಗಾಳಿ ಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅದು ಕಟ್ಟಿಕೊಂಡಲ್ಲಿ ಹಬೆಯ ಒತ್ತಡದಿಂದ ತೊಟ್ಟಿ ಸಿಡಿಯಬಹುದು, ಅಥವಾ ನೀರು ಖಾಲಿಯಾಗುವಾಗ ಒಳಕ್ಕೆ ಕುಸಿಯಬಹುದು.
• ಬಿಸಿಲಿನಲ್ಲಿ ಕಾದ ಖಾಲಿ ಗಾಜಿನ ಕೊಳವೆಗಳಿಗೆ ತಣ್ಣೀರು ತುಂಬಿಸಿದರೆ ಅವು ಒಡೆಯುತ್ತವೆ. ಬೆಳಗಿನ ಜಾವ ಅಥವಾ ಸೂರ್ಯಾಸ್ತದ ನಂತರವೇ ತುಂಬಿಸಬೇಕು.
• ವಿದ್ಯುತ್ ಕಾಯಿಲ್ ಇರುವ ಘಟಕವನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು.

ದೂರು ನೀಡುವ ವಿಧಾನ

ಹಣ ಪಡೆದು ಮಾಡುವ ದುರಸ್ತಿ ಕಾರ್ಯವು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅರ್ಥದಲ್ಲಿ ಸೇವೆಯಾಗಿರುತ್ತದೆ. ಸೇವೆಯಲ್ಲಿ ಲೋಪ ಕಂಡುಬಂದಲ್ಲಿ ಮೊದಲು ದುರಸ್ತಿದಾರರಿಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದಲ್ಲಿ ದೂರು ಶುಲ್ಕವಿರುವುದಿಲ್ಲ. ಇದಕ್ಕೆ ರಸೀದಿಯೇ ಆಧಾರವಾಗಿರುವುದರಿಂದ ಖರೀದಿ ಬಿಲ್ಲು, ಖಾತರಿ ಪತ್ರ ಮತ್ತು ಪ್ರತಿ ದುರಸ್ತಿಯ ರಸೀದಿಯನ್ನು ಒಂದೇ ಕಡತದಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.