ಹರಾಜಿನ ಕಟ್ಟೆಯೂ ಷೇರಿನ ಬೆಲೆಯೂ

ಕಲ್ಯಾಣ ಪ್ರಾಂತದ ಪೇಟೆಗಳಲ್ಲಿ ರೂಢವಾದ ಮೂರು ಶಬ್ದಗಳು ವಿಚಾರಾರ್ಹವಾಗಿವೆ. ‘ಹರಾಜು’ ಎಂಬುದು ಅರಬ್ಬೀ ಮೂಲದಿಂದ ಹಿಂದೂಸ್ತಾನಿಯ ದ್ವಾರಾ ಬಂದುದು. ‘ಲಿಲಾವು’ ಪೋರ್ಚುಗೀಸಿನಿಂದ ಮರಾಠಿಯ ಮಾರ್ಗವಾಗಿ ಬಂದುದು. ‘ಸವಾಲು’ ಎಂದರೆ ಅರಬ್ಬಿಯಲ್ಲಿ ಪ್ರಶ್ನೆ; ಹರಾಜಿನಲ್ಲಿ ಕೂಗುವ ಬೆಲೆಗೂ ಅದೇ ಹೆಸರು. ಈ ವಸ್ತು ಇಷ್ಟು ಬಾಳುವುದೇ ಎಂಬ ಪ್ರಶ್ನೆಯೇ ಬೆಲೆಯ ಮೂಲವೆಂದು ಈ ಶಬ್ದವೇ ಸೂಚಿಸುವುದು.

ಬಸವಕಲ್ಯಾಣ, ಹುಮನಾಬಾದುಗಳಂತಹ ಪೇಟೆಗಳಲ್ಲಿ ವ್ಯಾಪಾರವು ಎರಡು ಬಗೆಯದು. ಅಡತಿ ಅಂಗಡಿಯವನು ರೈತನ ತೊಗರಿಯನ್ನು ತಾನು ಕೊಳ್ಳದೆ, ಮಾರಿಸಿಕೊಟ್ಟು ದಲಾಲಿಯನ್ನು ಪಡೆಯುವನು. ವರ್ತಕನಾದರೋ ಸರಕನ್ನು ಕೊಂಡು ದಾಸ್ತಾನಿಡುವನು. ಬೆಲೆ ಇಳಿದರೆ ನಷ್ಟವು ಅವನದೇ. ಅಮೆರಿಕೆಯಲ್ಲಿ ಅಂತರ್ಜಾಲದ ಮೂಲಕ ವ್ಯಾಪಾರಕ್ಕಿಳಿದ ಮೊದಲ ಸಂಸ್ಥೆಗಳಲ್ಲಿಯೂ ಇದೇ ಭೇದವಿದ್ದಿತು.

1994ರಲ್ಲಿ ಸ್ಥಾಪಿತವಾದ ಅಮೆಜಾನ್ ಪುಸ್ತಕದ ಅಂಗಡಿ. 1995ರಲ್ಲಿ ಹುಟ್ಟಿದ ಈಬೇ ಹರಾಜಿನ ಕಟ್ಟೆ. ಮೊದಲನೆಯದು 1997ರ ಮೇ ತಿಂಗಳಿನಲ್ಲಿ, ಎರಡನೆಯದು 1998ರ ಸೆಪ್ಟೆಂಬರಿನಲ್ಲಿ, ತಲಾ 18 ಡಾಲರಿನಂತೆ ಸಾರ್ವಜನಿಕರಿಗೆ ಷೇರು ಮಾರಿದುವು. ಸರಕೇ ಇಲ್ಲದ ಈಬೇ ಅಷ್ಟರಲ್ಲಿಯೇ ಲಾಭದಲ್ಲಿದ್ದಿತು. ಉಗ್ರಾಣಗಳನ್ನು ಕಟ್ಟುತ್ತಿದ್ದ ಅಮೆಜಾನ್ ಇಡೀ ವರ್ಷದ ಲಾಭವನ್ನು ಮೊದಲು ಕಂಡುದು 2003ರಲ್ಲಿ.

ಆ ಕಾಲದ ಹೂಡಿಕೆದಾರರಲ್ಲಿ ಬಹುಮಂದಿ ಈ ತಾರತಮ್ಯವನ್ನು ಎಣಿಸದೆ, ಅಂತರ್ಜಾಲವೆಂಬ ಹೆಸರಿಗೇ ಹಣವಿತ್ತರು. 2000ದ ಮಾರ್ಚಿಯಲ್ಲಿ 5000ವನ್ನು ದಾಟಿದ ನಾಸ್ಡಾಕ್ ಸೂಚ್ಯಂಕವು 2002ರ ಅಕ್ಟೋಬರಿನಲ್ಲಿ 1100ರ ಸಮೀಪಕ್ಕೆ ಕುಸಿಯಿತು. ಮನೆಬಾಗಿಲಿಗೆ ದಿನಸಿ ತಲುಪಿಸುತ್ತಿದ್ದ ವೆಬ್‌ವ್ಯಾನ್ 2001ರಲ್ಲಿ ದಿವಾಳಿಯಾಯಿತು. 1999ರ ಕೊನೆಯಲ್ಲಿ 100 ಡಾಲರನ್ನು ಮೀರಿದ್ದ ಅಮೆಜಾನ್ ಷೇರು 2001ರಲ್ಲಿ 6 ಡಾಲರಿಗಿಂತ ಕೆಳಗಿಳಿಯಿತು. ಆದರೂ ಮುಂದೆ ಅದೇ ಅಮೆಜಾನ್ ಈಬೇಯನ್ನು ಬಹುದೂರ ಮೀರಿ ಬೆಳೆಯಿತು. ಆದುದರಿಂದ ದಲಾಲಿಯೇ ಲೇಸು, ದಾಸ್ತಾನೇ ಹಾನಿ ಎಂಬ ನಿಯಮವೂ ನಿಲ್ಲುವಂತಿಲ್ಲ. ಕೊಂಡವನು ಮರಳಿ ಬರುವನೇ ಎಂಬುದೇ ಎರಡಕ್ಕೂ ಸಮಾನವಾದ ಒರೆಗಲ್ಲು.

ಕರ್ನಾಟಕದಲ್ಲಿ ಸರ್ಕಾರವೂ ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಂಸ್ಥೆಯೂ ಸಮಪಾಲಿನಲ್ಲಿ ಸೇರಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬುದನ್ನು ಸ್ಥಾಪಿಸಿ, 2014ರಿಂದ ಕೃಷಿ ಮಾರುಕಟ್ಟೆಗಳ ಹರಾಜನ್ನು ಗಣಕಯಂತ್ರಕ್ಕೆ ತಂದುವು. ಇಲ್ಲಿ ವರ್ತಕನು ಇತರರ ಸವಾಲನ್ನು ಕಾಣದೆ ತನ್ನದನ್ನು ನಮೂದಿಸುವನು; ಬೆಲೆ ಒಪ್ಪಿತವಾಗದಿದ್ದರೆ ರೈತನು ನಿರಾಕರಿಸಬಹುದು. ಈ ಕಟ್ಟೆಯ ಷೇರು ಪೇಟೆಗೆ ಬರಲಿಲ್ಲ. ರೈತನಿಗೆ ದೊರೆಯುವ ಪಾಲೆಂದರೆ ನ್ಯಾಯವಾದ ಬೆಲೆಯೊಂದೇ. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟಿನ ನೂರಕ್ಕೆ 77ರಷ್ಟು ಪಾಲನ್ನು ವಾಲ್‌ಮಾರ್ಟ್ 2018ರಲ್ಲಿ 1600 ಕೋಟಿ ಡಾಲರಿಗೆ ಕೊಂಡಾಗಲೂ ಜನಸಾಮಾನ್ಯರಿಗೆ ಅದರ ಷೇರು ದೊರೆತಿರಲಿಲ್ಲ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೇಶಾಂತರ ವ್ಯಾಪಾರ ನಡೆಸಿದ ಅಯ್ಯಾವೊಳೆಯ ಐನೂರ್ವರು ಶಾಸನಗಳಲ್ಲಿ ತಮ್ಮನ್ನು ವೀರಬಣಂಜುಧರ್ಮದ ಪಾಲಕರೆಂದು ಹೇಳಿಕೊಂಡಿರುವರು. ಕಾಣದ ಊರಿನವನೊಡನೆ ವ್ಯವಹರಿಸುವವನಿಗೆ ನಂಬುಗೆಯೇ ಮೂಲಧನವೆಂಬುದು ಅಂದಿಗೂ ಇಂದಿಗೂ ಒಂದೇ. ಷೇರು ಕೊಳ್ಳುವವನು ಕೂಗುವ ಬೆಲೆಗೆ ಮುನ್ನ ಕೇಳಬೇಕಾದ ಸವಾಲೂ ಅದೇ.